ಐದನೇ ದೃಶ್ಯದ ತಾಲೀಮು

ನವೆಂಬರ್ 3, ಸೋಮವಾರ

ಬೆಳಗಿನ ಚಹಾ ಇನ್ನೂ ಬಾಯಲ್ಲಿತ್ತು, ಮುಂಡಗೋಡದಿಂದ ಭಾವೀ ಅಳಿಯ ಸಿದ್ದಲಿಂಗನ ಫೋನು ಬಂತು. ಮದುವೆಗೆ ಮುಂಚೆ ಹುಡುಗ ಹುಡುಗಿಯ ಒಂದು ವೀಡಿಯೊ ಆಗಬೇಕಂತೆ. ಅದಕ್ಕೆ ಪ್ರೀ-ವೆಡ್ಡಿಂಗ್ ಎಂದು ಹೆಸರು. ಹೊಳೆಯ ದಂಡೆಯಲ್ಲಿ ಇಬ್ಬರೂ ಕೈ ಹಿಡಿದು ಓಡುವುದು, ಆಕೆ ಸೆರಗು ಹಾರಿಸುವುದು, ಇವನು ಅದನ್ನು ಹಿಡಿಯುವುದು. ತಾಳಿ ಕಟ್ಟುವ ಮೊದಲೇ ಇಷ್ಟೆಲ್ಲ ಓಡಿಬಿಟ್ಟರೆ ಆಮೇಲೆ ಮಾಡುವುದೇನು ಎಂದು ಕೇಳುವವನಿದ್ದೆ. ಬೀಗರ ಮನೆ ಎಂದು ನಾಲಿಗೆ ಬಿಗಿ ಹಿಡಿದೆ.

ಜೂನಿನಲ್ಲಿ ಕಾಗದದ ಮಿಲ್ಲಿನಿಂದ ನಿವೃತ್ತನಾದ ಮೇಲೆ ನನಗೆ ಬರೆಯಲು ಲಾಗ್‌ಬುಕ್ ಇಲ್ಲ, ಅದಕ್ಕೇ ಈ ದಿನಚರಿ. ಶಿಫ್ಟ್ ಇನ್‌ಚಾರ್ಜ್ ಆಗಿದ್ದವನು ನಾನು. ಯಂತ್ರಕ್ಕೆ ಪಲ್ಪ್ ಬಿಡುವ ಮೊದಲು ಈ ಅಡಿವೆಯ್ಯನ ಸಹಿ ಬೇಕಿತ್ತು. ಈಗ ದಾಂಡೇಲಿಯ ಅಂಬೇವಾಡಿಯ ಈ ಮನೆಯಲ್ಲಿ ನನ್ನ ಸಹಿಗಾಗಿ ಕಾಯುವ ವಸ್ತು ಗ್ಯಾಸ್ ಸಿಲಿಂಡರ್ ಒಂದೇ.

ಮಗಳು ಉಮಾಶ್ರೀ ಸಾರಿಗೆ ಸಂಸ್ಥೆಯಲ್ಲಿ ನೌಕರಿ ಮಾಡುತ್ತಾಳೆ. ಕಂಡಕ್ಟರ್ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಸಾರಿಗೆ ಸಂಸ್ಥೆ ಎಂದರೆ ಸಾಕು, ಜನ ತಾವೇ ಆಫೀಸು ಎಂದುಕೊಳ್ಳುತ್ತಾರೆ. ಸಂಬಂಧ ಗೊತ್ತು ಮಾಡುವಾಗ ಆಕೆ ಕೇಳಿದ್ದು ಒಂದೇ ಮಾತು: ಮದುವೆಯಾದ ಮೇಲೂ ನೌಕರಿ ಬಿಡುವುದಿಲ್ಲ, ಮುಂಡಗೋಡದ ಹತ್ತಿರ ಎಲ್ಲಿಗಾದರೂ ವರ್ಗ ಮಾಡಿಸಿಕೊಳ್ಳುತ್ತೇನೆ. ಬೀಗರು "ಆಗ್ಲಿ, ನೋಡೂಣು" ಎಂದಿದ್ದಾರೆ. ಅಂದರೆ ಒಪ್ಪಿಗೆ. ಅದು ಹೇಗೆ ಒಪ್ಪಿಗೆಯಾಯಿತು ಎಂದು ನನ್ನ ಹೆಂಡತಿ ಈರಕ್ಕ ಅಂದೂ ಕೇಳಿದಳು, ಇವತ್ತೂ ಕೇಳಿದಳು. ದೊಡ್ಡ ಮನೆತನದವರು ಮಾತಾಡುವ ರೀತಿ ಆಕೆಗೆ ತಿಳಿಯುವುದಿಲ್ಲ.

ಸಂಜೆ ಯೋಚಿಸಿ ವೀಡಿಯೊಕ್ಕೆ ಒಪ್ಪಿದೆ, ಷರತ್ತಿನ ಮೇಲೆ. ಒಂದೇ ದಿನ, ಅದೂ ಹಗಲು, ಹಿರಿಯರು ಜೊತೆಗೆ. ನಿಶ್ಚಯವಾದ ಮೇಲೆ ಮದುವೆಯಾಗುವತನಕ ಹುಡುಗ ಹುಡುಗಿ ಬೇಕಾದಂತೆ ತಿರುಗುವುದು ನಮ್ಮಲ್ಲಿಲ್ಲ. ಡಿಸೆಂಬರ್ ಹದಿನಾಲ್ಕು, ರವಿವಾರ ಎಂದು ಗೊತ್ತಾಯಿತು. ಮದುವೆ ಸಂಕ್ರಾಂತಿಯ ಆಚೆ.

ನವೆಂಬರ್ 7, ಶುಕ್ರವಾರ

ವೀಡಿಯೊ ತೆಗೆಯುವ ಮಹಾಬಳೇಶ್ವರ ಬಂದಿದ್ದ. ಹಳಿಯಾಳದಲ್ಲಿ ಸ್ಟುಡಿಯೊ ಇದೆ. ಕಿವಿಯಲ್ಲಿ ಕಡುಕು, ಪ್ಯಾಂಟಿನ ಮೊಣಕಾಲು ಹರಿದಿದೆ, ಅದು ಫ್ಯಾಶನ್ನಂತೆ. ನಿಮ್ಮ ಪ್ಲ್ಯಾನ್ ತೋರಿಸಪ್ಪ ಎಂದೆ. ಪ್ಲ್ಯಾನ್ ಏನಿಲ್ಲ, ಅವತ್ತಿನ ಮೂಡ್ ನೋಡಿ ತೆಗೆಯುತ್ತೇವೆ ಎಂದ. ಮೂಡ್ ನೋಡಿ ಕಾಗದದ ಯಂತ್ರ ಶುರು ಮಾಡಿದ್ದರೆ ಈ ಊರಿನ ಗತಿ ಏನಾಗುತ್ತಿತ್ತು ಎಂದು ಅವನಿಗೆ ಸ್ವಲ್ಪ ವಿವರವಾಗಿ ಹೇಳಿದೆ. ಚಹಾ ಆರಿತು. ಈರಕ್ಕ ಮತ್ತೊಮ್ಮೆ ಮಾಡಿ ತಂದಳು.

ನನಗೆ ಈ ವೀಡಿಯೊದಲ್ಲಿ ಆಸಕ್ತಿ ಇಲ್ಲ. ಆದರೆ ಆಗಲೇಬೇಕೆಂದ ಮೇಲೆ ಹೇಗೋ ಆಗುವುದು ನನಗೆ ಆಗಿಬರುವುದಿಲ್ಲ. ತಯಾರಿಯನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ ಎಂದು ಸಿದ್ದಲಿಂಗನಿಗೆ ಫೋನು ಮಾಡಿದೆ. ಅವನು ಸಂತೋಷಪಟ್ಟ. ಅಷ್ಟೇ ಅಲ್ಲ, ಇಡೀ ಕಥೆಯನ್ನು ಆಗಲೇ ಬರೆದಿಟ್ಟಿದ್ದ, ವಾಟ್ಸಾಪಿನಲ್ಲಿ ಕಳಿಸಿದ. ಹುಡುಗ ಅಂದರೆ ಹೀಗಿರಬೇಕು. ಅಪ್ಪನ ಹಾರ್ಡ್‌ವೇರ್ ಅಂಗಡಿ ನಡೆಸುತ್ತಾನೆ, ಮೊಳೆ ಸ್ಕ್ರೂಗಳನ್ನು ಅಳತೆ ಪ್ರಕಾರ ಡಬ್ಬಿಗಳಲ್ಲಿ ಇಟ್ಟವನಿಗೆ ದೃಶ್ಯಗಳನ್ನು ಜೋಡಿಸುವುದು ಕಷ್ಟವೇ?

ಏಳು ದೃಶ್ಯ. ಸೂಪಾ ಅಣೆಕಟ್ಟಿನ ಕಡೆಯ ರಸ್ತೆಯಲ್ಲಿ ಮಂಜಿನೊಳಗೆ ಇಬ್ಬರೂ ನಡೆದು ಬರುವುದು ಮೊದಲನೆಯದು. ಹುಡುಗಿ ಬುತ್ತಿ ಹಿಡಿದು ಕಾಯುವುದು ಒಂದು, ಅತ್ತಿವೇರಿ ಪಕ್ಷಿಧಾಮದ ನೀರಿನ ಆಚೆ ನಿಂತು ಅವನನ್ನು ಕೂಗುವುದು ಒಂದು. ಐದನೆಯದು ಎಲ್ಲಕ್ಕಿಂತ ಮುಖ್ಯ: ಹುಡುಗಿ ತನ್ನ ಖಾಕಿ ಅಂಗಿಯನ್ನು ಮಡಚಿ ಟ್ರಂಕಿನಲ್ಲಿಟ್ಟು ಮುಚ್ಚಳ ಹಾಕುತ್ತಾಳೆ, ರೇಷ್ಮೆ ಸೀರೆ ಉಟ್ಟು ತಿರುಗುತ್ತಾಳೆ, ಹುಡುಗ ಬಾಗಿಲಲ್ಲಿ ನಿಂತು ನಗುತ್ತಾನೆ. ಬಹಳ ಅರ್ಥಗರ್ಭಿತ. ಒಂದು ಬದುಕಿನಿಂದ ಇನ್ನೊಂದು ಬದುಕಿಗೆ ಕಾಲಿಡುವುದನ್ನು ಒಂದು ಟ್ರಂಕಿನಲ್ಲಿ ಹೇಳಿಬಿಟ್ಟಿದ್ದಾನೆ.

ಡ್ಯೂಟಿ ಮುಗಿಸಿ ಬಂದ ಉಮಾಳಿಗೆ ಓದಲು ಕೊಟ್ಟೆ. ನಿಂತುಕೊಂಡೇ ಓದಿದಳು. ಚೆನ್ನಾಗಿ ಬರೆದಿದ್ದಾರೆ ಎಂದು ಫೋನು ವಾಪಸ್ಸು ಕೊಟ್ಟಳು. ನಾಳೆ ಮೊದಲ ಟ್ರಿಪ್ಪು ಎಂದು ಬೇಗ ಮಲಗಿದಳು.

ನವೆಂಬರ್ 12, ಬುಧವಾರ

ಒಂದೇ ದಿನದಲ್ಲಿ ಏಳು ದೃಶ್ಯ ಮುಗಿಯಬೇಕೆಂದರೆ ಎಲ್ಲವನ್ನೂ ಮೊದಲೇ ತಾಲೀಮು ಮಾಡಿಡಬೇಕು. ಕ್ಯಾಮೆರಾ ಎಲ್ಲಿ, ಬಿಸಿಲು ಎಲ್ಲಿಂದ, ನಡೆಯಲು ಎಷ್ಟು ಹೊತ್ತು. ಮಹಾಬಳೇಶ್ವರನಿಗೆ ಇದು ಒಗ್ಗಲಿಲ್ಲ. ಆದರೂ ಬಂದ. ಬಂದವನು, ಫ್ರೇಮ್ ನೋಡಲು ಇಬ್ಬರು ಮನುಷ್ಯರು ಬೇಕು, ಹುಡುಗ ಹುಡುಗಿಯನ್ನು ಕರೆಸಿ ಎಂದ. ಅವರು ಒಂದೇ ದಿನ ಕೂಡಬಹುದೆಂದು ಷರತ್ತು ಹಾಕಿದವನು ನಾನೇ. ಹಾಗಾದರೆ ನೀವು ಗಂಡ ಹೆಂಡತಿಯೇ ಅವರ ಬದಲು ನಿಲ್ಲಬೇಕು ಎಂದ.

ಹೀಗಾಗಿ ಇಂದು ಬೆಳಿಗ್ಗೆ ಸೂಪಾ ಕಡೆಯ ಗಣೇಶಗುಡಿಯ ರಸ್ತೆಯಲ್ಲಿ ನಾನು ಸಿದ್ದಲಿಂಗ, ಈರಕ್ಕ ಉಮಾಶ್ರೀ. ಜೋಯಿಡಾಕ್ಕೆ ಹೋಗುವ ಟೆಂಪೊದವರು ಗಾಡಿ ನಿಧಾನ ಮಾಡಿ ನೋಡಿಕೊಂಡು ಹೋದರು. ಮರ್ಯಾದೆ ಉಳಿಸಿಕೊಳ್ಳಲು ಹಾಕಿದ ಷರತ್ತು ಮರ್ಯಾದೆಯನ್ನು ಈ ರಸ್ತೆಗೆ ತಂದು ನಿಲ್ಲಿಸಿತು.

ಜೊತೆಜೊತೆಯಾಗಿ ನಡೆದು ಬರಬೇಕು, ಇಷ್ಟೇ ಕೆಲಸ. ಆದರೆ ಪ್ರತಿ ಸಲವೂ ಅರ್ಧ ದಾರಿಯಲ್ಲಿ ಈರಕ್ಕ ಕ್ಯಾಮೆರಾದಿಂದ ಮಾಯವಾಗುತ್ತಿದ್ದಳು.

"ಅವ್ವಾರ, ಹಿಂದ ಉಳೀಬ್ಯಾಡ್ರಿ" ಎಂದ ಮಹಾಬಳೇಶ್ವರ.

"ನಾ ಹಿಂದ ಉಳಿದಿಲ್ಲಪ್ಪ. ಅವರು ಮುಂದ ಹೊಂಟಾರ."

ತಾಂತ್ರಿಕ ಕಾರಣಕ್ಕಾಗಿ ನಾನು ನಡಿಗೆ ನಿಧಾನ ಮಾಡಿದೆ. ಆಗ ಫ್ರೇಮ್ ಸರಿಹೋಯಿತು. ನಡೆಯುವಾಗ ಗೊತ್ತಾಯಿತು, ಆಕೆಗೆ ಬಲಮೊಣಕಾಲು ನೋವಂತೆ. ಯಾವಾಗಿನಿಂದ ಎಂದು ಕೇಳಿದೆ. ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಇದ್ದಾಗಿನಿಂದ ಎಂದಳು. ಕ್ವಾರ್ಟರ್ಸು ಬಿಟ್ಟು ಎಷ್ಟೋ ವರ್ಷವಾಯಿತು. ಹೇಳಬೇಕಲ್ಲವೇ? ಹೇಳದಿದ್ದರೆ ನನಗೆ ಹೇಗೆ ತಿಳಿಯಬೇಕು?

ನವೆಂಬರ್ 14, ಶುಕ್ರವಾರ

ಮಂಜು ಹೆಚ್ಚು. ಏನೂ ಕಾಣಲಿಲ್ಲ. ತಾಲೀಮು ರದ್ದು. ಈರಕ್ಕನ ಮೊಣಕಾಲಿಗೆ ಎಣ್ಣೆ ತಂದೆ, ಚಿತ್ರೀಕರಣದ ದೃಷ್ಟಿಯಿಂದ.

ನವೆಂಬರ್ 18, ಮಂಗಳವಾರ

ಬುತ್ತಿಯ ದೃಶ್ಯ ಮನೆಯಲ್ಲೇ ತಾಲೀಮು ಮಾಡಿದೆವು. ಹುಡುಗಿ ಬುತ್ತಿಗಂಟು ಹಿಡಿದು ಕಟ್ಟೆಯ ಮೇಲೆ ಕಾಯುತ್ತಾಳೆ, ಹುಡುಗ ತಡವಾಗಿ ಬರುತ್ತಾನೆ, ಆಕೆ ಮುನಿಸಿಕೊಳ್ಳದೆ ಬಿಚ್ಚಿ ಬಡಿಸುತ್ತಾಳೆ. ಈರಕ್ಕ ಒಂದೇ ಸಲಕ್ಕೆ ಮಾಡಿ ತೋರಿಸಿದಳು. ಕಾಯುವಾಗಿನ ಆ ಮುಖ, ಬರುವುದು ಕಂಡಾಗ ಸೆರಗು ಸರಿಮಾಡಿಕೊಂಡು ಏಳುವುದು, ಎಲ್ಲ ತಾನಾಗಿ ಬಂತು. ಇಷ್ಟು ಸಹಜವಾಗಿ ಮಾಡುವವರನ್ನು ತಾನು ನೋಡಿಲ್ಲ ಎಂದ ಮಹಾಬಳೇಶ್ವರ. ಆಕೆ ಬುತ್ತಿಗಂಟು ಎತ್ತಿಕೊಂಡು ಒಳಗೆ ಹೋದಳು. ಹೊಗಳಿಕೆಗೆ ನಾಚಿಕೊಂಡಿರಬೇಕು.

ಸಿದ್ದಲಿಂಗ ದಿನಕ್ಕೆರಡು ಸಲ ಫೋನು ಮಾಡುತ್ತಾನೆ. ಉಮಾಳ ಕೂದಲು ಬಿಟ್ಟಿರಬೇಕು, ಬಳೆ ಹಸಿರೇ ಇರಬೇಕು, ಮಾತು ಕಡಿಮೆ ಇರಬೇಕು. ಅವನ ತಾಯಿ ಕಳೆದ ವಾರ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಉಮಾ ಜನರನ್ನು ಕೂಗಿ ಕರೆಯುತ್ತಿದ್ದುದನ್ನು ನೋಡಿದರಂತೆ, ಸ್ವಲ್ಪ ಬೇಜಾರು ಮಾಡಿಕೊಂಡರಂತೆ. ಹೊರಗಿನ ಊರಲ್ಲಿ ರಾತ್ರಿ ತಂಗುವ ವಸ್ತಿ ಬಸ್ಸಿನ ಡ್ಯೂಟಿ ಆಕೆಗೆ ಎಷ್ಟು ಸಲ ಬರುತ್ತದೆಂದೂ ಕೇಳಿದ. ಎಷ್ಟು ಸೂಕ್ಷ್ಮ ಗಮನ. ಯಾವುದನ್ನೂ ಸುಮ್ಮನೆ ಬಿಡುವ ಪೈಕಿ ಅಲ್ಲ. ನನಗೆ ಮಗನಿದ್ದರೆ ಹೀಗೇ ಇರುತ್ತಿದ್ದ.

ಊಟದ ಹೊತ್ತಿಗೆ ಉಮಾ ಒಂದು ಮಾತು ಕೇಳಿದಳು. ಐದನೇ ಸೀನು ಇರಲೇಬೇಕೇ ಎಂದು. ಅದು ಇಡೀ ಕಥೆಯ ಕಳಶ, ಅದನ್ನು ತೆಗೆದರೆ ಉಳಿಯುವುದು ಬರೀ ಓಡಾಟ ಎಂದು ತಿಳಿಸಿ ಹೇಳಿದೆ. ಆಕೆ ರೊಟ್ಟಿಯ ತುಂಡು ಮುರಿದಳು.

"ಆ ಅಂಗಿ ನಂದಽ ಬೇಕೇನ್ರಿ ಅಪ್ಪಾ? ಬ್ಯಾರೆ ಖಾಕಿ ಅಂಗಿ ತಂದ್ರ ನಡಿಯೂದಿಲ್ಲ?"

ನಡೆಯುವುದಿಲ್ಲ ಎಂದೆ. ಅಂಗಿಯ ಮೇಲೆ ಆಕೆಯ ಬಿಲ್ಲೆ ಇರಬೇಕು, ಕಿಸೆಯ ಹತ್ತಿರ ಸವೆದದ್ದು ಕಾಣಬೇಕು. ನಿಜವಾದ ವಸ್ತುವಿಗೆ ಒಂದು ಬೆಲೆ ಇರುತ್ತದೆ. ಆಕೆ ತಲೆಯಾಡಿಸಿದಳು. ಒಳ್ಳೆಯ ಪ್ರಶ್ನೆ ಕೇಳಿದಳು, ಆಕೆಗೂ ಆಸಕ್ತಿ ಹುಟ್ಟುತ್ತಿದೆ.

ನವೆಂಬರ್ 23, ರವಿವಾರ

ಐದನೇ ದೃಶ್ಯದ ತಾಲೀಮು. ಅಟ್ಟದ ಮೇಲಿಂದ ನನ್ನ ಹಳೆಯ ಟ್ರಂಕು ಇಳಿಸಿದೆ. ಉಮಾಳಿಗೆ ವಾರದ ರಜೆ, ಮನೆಯಲ್ಲೇ ಇದ್ದಳು. ಆದರೆ ಆಕೆಯ ಬದಲು ಈರಕ್ಕನೇ ನಿಂತಳು. ಉಮಾ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ನೋಡಿದಳು.

ಈರಕ್ಕ ಅಂಗಿಯನ್ನು ತೊಡೆಯ ಮೇಲೆ ಹಾಸಿಕೊಂಡು ಒಂದೊಂದೇ ಗುಂಡಿ ಹಾಕಿದಳು. ತೋಳುಗಳನ್ನು ಹಿಂದಕ್ಕೆ ಮಡಚಿ, ಕಾಲರನ್ನು ಅಂಗೈಯಿಂದ ನೀವಿದಳು. ಮಲಗಿದ ಕೂಸನ್ನು ಎತ್ತುವ ಹಾಗೆ ಎತ್ತಿ ಟ್ರಂಕಿನಲ್ಲಿಟ್ಟಳು. ಮಹಾಬಳೇಶ್ವರ ಉಸಿರು ಬಿಡದೆ ನೋಡುತ್ತಿದ್ದ. ಈಗ ಮುಚ್ಚಳ ಎಂದೆ. ಆಕೆ ಮುಚ್ಚಳದ ಮೇಲೆ ಕೈಯಿಟ್ಟು ಹಾಗೇ ಕೂತಳು. ಮುಚ್ಚಳ, ಮುಚ್ಚಳ ಎಂದು ಮತ್ತೆ ಹೇಳಿದೆ.

"ಬಿಗಿ ಐತಿ. ಬರವಲ್ದು" ಎಂದಳು.

ಮೂರು ಸಲ ತಾಲೀಮು ಮಾಡಿದರೂ ಅದೇ ಉತ್ತರ. ಕೊನೆಗೆ ಬಿಟ್ಟುಬಿಟ್ಟೆವು. ಅವರೆಲ್ಲ ಚಹಾಕ್ಕೆ ಎದ್ದ ಮೇಲೆ ನಾನೇ ಹೋಗಿ ಮುಚ್ಚಿ ನೋಡಿದೆ. ಒಂದು ಬೆರಳಿಗೆ ಬಂತು.

ನಾನು ಮುಚ್ಚಿದ್ದನ್ನು ಉಮಾ ನೋಡಿದಳು. ಆಮೇಲೆ ಟ್ರಂಕು ತೆಗೆದು ಅಂಗಿ ಹೊರಗೆ ತೆಗೆದುಕೊಂಡಳು, ಬೆಳಿಗ್ಗೆ ಡ್ಯೂಟಿಗೆ ಬೇಕಲ್ಲ. ಮತ್ತೆ ಇಸ್ತ್ರಿ ಮಾಡಬೇಕಾಯಿತು. ಇಸ್ತ್ರಿಪೆಟ್ಟಿಗೆ ಬಹಳ ಹೊತ್ತು ನಡೆಯುತ್ತಿತ್ತು. ಒಂದು ಅಂಗಿಗೆ ಅಷ್ಟು ಹೊತ್ತು ಏಕೆ ಬೇಕೋ.

ನವೆಂಬರ್ 30, ರವಿವಾರ

ಇವತ್ತು ಅತ್ತಿವೇರಿ. ಬೆಳಿಗ್ಗೆ ಬೇಗ ಹೊರಟು ಬಿಸಿಲೇರುವ ಮೊದಲೇ ಮುಟ್ಟಿದೆವು. ನೀರಿನ ಈಚೆ ಹುಡುಗ, ಆಚೆ ಹುಡುಗಿ. ಆಕೆಯ ಮಾತು ಕ್ಯಾಮೆರಾಕ್ಕೆ ಕೇಳಬೇಕಾದ್ದರಿಂದ ಸಣ್ಣ ಮೈಕು ಬೇಕು. ಮಹಾಬಳೇಶ್ವರ ಗುಂಡಿಯಷ್ಟು ದೊಡ್ಡ ಒಂದು ಮೈಕನ್ನು ಈರಕ್ಕನ ಸೆರಗಿಗೆ ಸಿಕ್ಕಿಸಿ, ದಂಡೆ ಸುತ್ತಿ ಆಚೆ ಕರೆದುಕೊಂಡು ಹೋಗಿ ನಿಲ್ಲಿಸಿ ಬಂದ. ನನ್ನ ಕಿವಿಗೆ ಹೆಡ್‌ಫೋನ್ ಹಾಕಿದ. ಅವ್ವಾರು ಹೇಳುವುದು ನಿಮಗೆ ಕೇಳುತ್ತದೆ, ನೀವು ಹೇಳುವುದು ಅವರಿಗೆ ಹೋಗುವುದಿಲ್ಲ, ಸ್ವಲ್ಪ ಹೊತ್ತು ಮಾತಾಡಿಸಿ ನೋಡಿ ಎಂದು ಹೇಳಿ, ಕ್ಯಾಮೆರಾ ಹಿಡಿದು ಹಕ್ಕಿಗಳ ಕಡೆ ಹೋದ.

ಆಚೆ ದಂಡೆಯ ಮೇಲೆ ಈರಕ್ಕ ಹೆಬ್ಬೆರಳಷ್ಟು ಕಾಣುತ್ತಿದ್ದಳು. ಆದರೆ ಆಕೆಯ ಉಸಿರು ನನ್ನ ಕಿವಿಯಲ್ಲೇ ಇತ್ತು.

"ಕೇಳಾಕತ್ತೈತೇನ್ರಿ? ಕೇಳ್ತಿದ್ರ ಕೈ ಎತ್ರಿ."

ಕೈ ಎತ್ತಿದೆ.

"ಸುಮ್ನ ಏನರ ಮಾತಾಡ್ರಿ ಅಂದಾನ ಹುಡುಗ. ಹಂಗಾದ್ರ ಮಾತಾಡ್ತೇನಿ. ಉಮಾ ದಿನಾ ಅಂಗಿ ಇಸ್ತ್ರಿ ಮಾಡೂವಾಗ ಅಳ್ತಾಳ್ರಿ."

ಯಾಕಂತೆ ಎಂದು ಕೂಗಿದೆ. ನೀರ ಮೇಲಿನ ಬಕಪಕ್ಷಿಗಳು ಒಮ್ಮೆಲೇ ಎದ್ದವು. ಆಕೆಗೆ ಕೇಳಲಿಲ್ಲ. ಕೈ ಬೀಸಿ ಸಾಕು ಎಂದು ತೋರಿಸಿದೆ.

"ಕೈ ಬೀಸಬ್ಯಾಡ್ರಿ. ನೀವು ಏನಂತೀರಿ ನನಗ ಕೇಳ್ಸೂದಿಲ್ಲ. ಇವತ್ತ ನೀವು ಕೇಳ್ರಿ. ಆಕಿಗೆ ನೌಕರಿ ಬಿಡೂದು ಬ್ಯಾಡಾಗೇತಿ. ಬೀಗರು ಬಿಡಸಾವರ ಅದಾರ, ಆ ಟ್ರಂಕಿನ ಸೀನು ಓದಿದ ದಿನಾನ ಆಕಿಗೆ ತಿಳದೈತಿ. ನಿಮ್ಮ ಮುಂದ ಹೇಳಾಕ ಆಕಿ ಕಡಿಂದ ಆಗವಲ್ದು. ನೀವು ಒಂದು ಪ್ಲ್ಯಾನ್ ಹಾಕಿದ್ರಂದ್ರ ನಮ್ಮ ಮನ್ಯಾಗ ಯಾರು ಬಾಯಿ ತೆಗೀತಾರ? ನಾನೂ ತೆಗದಿಲ್ಲ."

ಗಾಳಿಗೆ ಸೆರಗು ಮೈಕಿಗೆ ಉಜ್ಜಿದ ಸದ್ದು ಬಂತು.

"ಬುತ್ತಿ ಹಿಡ್ಕೊಂಡು ಕಾಯೂದು, ಹಿಂದ ನಡಿಯೂದು, ಇದ್ದದ್ದು ಮಡಚಿ ಟ್ರಂಕಿನಾಗ ಇಡೂದು. ನಿಮ್ಮ ಅಳಿಯಾ ಬರದಾನಲ್ರಿ, ಆ ಪಾರ್ಟು ಮದಿವ್ಯಾದಾಗಿಂದ ನಾನು ಮಾಡ್ಕೋತ ಬಂದೇನಿ. ಅದಕ್ಕ ನನಗ ತಾಲೀಮು ಬೇಕಾಗ್ಲಿಲ್ಲ. ಅದನ್ನ ಆಕಿಗೆ ಕೊಡಬ್ಯಾಡ್ರಿ. ಆಕಿಗೆ ಏನೂ ಹೇಳಬ್ಯಾಡ್ರಿ. ಒಮ್ಮೆ ಕೇಳ್ರಿ, ಅ‌ಷ್ಟ."

ಇಷ್ಟು ಹೇಳಿ ಆಕೆ ದಂಡೆಯ ಕಲ್ಲಿನ ಮೇಲೆ ಕೂತಳು. ಮಹಾಬಳೇಶ್ವರ ಬಂದು ಸೌಂಡ್ ಹೇಗೆ ಬಂತು ಎಂದು ಕೇಳಿದ. ಸ್ಪಷ್ಟವಾಗಿದೆ ಎಂದೆ. ಹೆಡ್‌ಫೋನನ್ನು ನನ್ನ ಕಿವಿಯಿಂದ ಅವನೇ ತೆಗೆಯಬೇಕಾಯಿತು.

ಆಕೆಗೆ ಕೊಡಬೇಕಾದ ಉತ್ತರಗಳೆಲ್ಲ ವಾಪಸ್ಸು ಬರುವಾಗ ಬಸ್ಸಿನಲ್ಲಿ ಸಿದ್ಧವಾದವು. ಆದರೆ ಆಕೆ ಕಿಟಕಿಗೆ ತಲೆ ಒರಗಿಸಿ ನಿದ್ದೆ ಹೋಗಿದ್ದಳು. ಬಹಳ ದಿನಗಳಿಂದ ನಿದ್ದೆಗೆಟ್ಟವರ ನಿದ್ದೆ. ನನಗೆ ಸಂಕಟವಾಯಿತು. ಇದನ್ನು ಓದುವವರು ಯಾರೂ ಇಲ್ಲವಾದ್ದರಿಂದ ಬರೆದಿಟ್ಟಿದ್ದೇನೆ.

ಡಿಸೆಂಬರ್ 1, ಸೋಮವಾರ

ಬರೆಯುವಂಥದ್ದೇನಿಲ್ಲ.

ಡಿಸೆಂಬರ್ 3, ಬುಧವಾರ

ಐದನೇ ದೃಶ್ಯದಲ್ಲಿ ಒಂದು ತಾಂತ್ರಿಕ ದೋಷ ಕಂಡುಬಂದಿದೆ. ಮನೆಯೊಳಗೆ ಬೆಳಕು ಸಾಲದು. ಖಾಕಿಯ ಬಣ್ಣ ಟ್ರಂಕಿನ ಬಣ್ಣದಲ್ಲಿ ಮುಳುಗಿಹೋಗುತ್ತದೆ. ಮೇಲಾಗಿ ಮುಚ್ಚಳ ಮುಚ್ಚುವುದು ಒಂದು ಮುಕ್ತಾಯ, ಅದು ನಡುವೆ ಬಂದರೆ ಮುಂದಿನ ಎರಡು ದೃಶ್ಯ ಯಾರು ನೋಡುತ್ತಾರೆ? ಈ ಕಾರಣಗಳಿಂದ ಹೊಸದಾಗಿ ಬರೆದಿದ್ದೇನೆ. ಬಸ್ ಸ್ಟ್ಯಾಂಡು. ಬೆಳಗಿನ ಬಿಸಿಲು. ಖಾಕಿ ಅಂಗಿ ತೊಟ್ಟ ಹುಡುಗಿ ಬಾಗಿಲಲ್ಲಿ ನಿಂತು ಸೀಟಿ ಊದುತ್ತಾಳೆ, ಬಸ್ಸು ಹೊರಡುತ್ತದೆ, ಹುಡುಗ ಕೆಳಗೆ ನಿಂತು ಕೈ ಬೀಸುತ್ತಾನೆ. ಹೊರಾಂಗಣ, ಚಲನೆ, ಬೆಳಕು, ಎಲ್ಲ ಇದೆ.

ಈರಕ್ಕ ಹೇಳಿದ್ದಕ್ಕೆ ಬದಲಿಸಿದ್ದಲ್ಲ. ಹಾಗೆ ಆಕೆ ತಿಳಿದುಕೊಳ್ಳಬಾರದೆಂದು ಆಕೆಗೆ ಓದಿ ಹೇಳಿದೆ. ಚೆನ್ನಾಗಿದೆ ಎಂದು ನಕ್ಕಳು.

ಉಮಾಳನ್ನು ಕೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಒಮ್ಮೆ ರೊಟ್ಟಿ ಎಷ್ಟು ಬೇಕೆಂದು ಕೇಳಿ ಮುಗಿಸಿದೆ, ಇನ್ನೊಮ್ಮೆ ಗಂಟೆ ಎಷ್ಟಾಯಿತೆಂದು. ಗಡಿಯಾರ ನನ್ನ ಕೈಯಲ್ಲೇ ಇತ್ತು.

ಡಿಸೆಂಬರ್ 6, ಶನಿವಾರ

ಮುಂಡಗೋಡಕ್ಕೆ ನಾನೊಬ್ಬನೇ ಹೋಗಿದ್ದೆ. ಫೋನಿನಲ್ಲಿ ದೃಶ್ಯ ವಿವರಿಸುವುದು ಕಷ್ಟ. ಸಿದ್ದಲಿಂಗ ಅಂಗಡಿಯ ಗಲ್ಲಾದಿಂದ ಎದ್ದು ಬಂದು ಕುರ್ಚಿ ಹಾಕಿದ, ಚಹಾ ತರಿಸಿದ, ಫ್ಯಾನನ್ನು ನನ್ನ ಕಡೆ ತಿರುಗಿಸಿದ. ಮರ್ಯಾದೆಯಲ್ಲಿ ಅವನಿಗೆ ಬೆರಳು ತೋರಿಸುವಂತಿಲ್ಲ. ಹೊಸ ದೃಶ್ಯ ಓದಿ ನಕ್ಕ.

"ಮಾವಾರ, ನೀವು ಸಿನಿಮಾದಾಗ ಮುಳಗೇ ಬಿಟ್ಟೀರಿ. ಇದು ಬರೇ ಸೀನ್ ಅಲ್ರಿ. ಮದಿವಿಕಿಂತ ಮದ್ಲ ಆಕಿ ರಾಜೀನಾಮೆ ಕೊಡ್ತಾಳಲ್ರಿ, ಅದನ್ನ ಚಂದಾಗಿ ತೋರಸೂಣು ಅಂತ ಬರದೇನಿ."

"ನೋಡೂಣು ಅಂದಿದ್ರಿ" ಎಂದೆ.

"ನೋಡಿದ್ವಲ್ರಿ. ಅವ್ವ ಹಳಿಯಾಳ ಸ್ಟ್ಯಾಂಡಿನಾಗ ಕಣ್ಣಾರೆ ನೋಡ್ಯಾಳ. ಆಕಿ ಒಳ್ಳೇಕಿ ಅದಾಳ್ರಿ, ಹೇಳಿದ್ರ ಕೇಳ್ತಾಳ. ನಾ ಎಲ್ಲಾ ಪ್ಲ್ಯಾನ್ ಮಾಡೇನಿ, ನೀವು ಚಿಂತಿ ಮಾಡಬ್ಯಾಡ್ರಿ."

ಸಿಟ್ಟಿನಿಂದ ಹೇಳಲಿಲ್ಲ. ನಿಧಾನವಾಗಿ, ಎಲ್ಲರ ಒಳ್ಳೆಯದಕ್ಕೆಂಬಂತೆ ಹೇಳಿದ. ಆ ದನಿ ನನಗೆ ಬಹಳ ಪರಿಚಯದ್ದು. ಎಲ್ಲಿ ಕೇಳಿದ್ದೇನೆಂದು ದಾರಿಯುದ್ದಕ್ಕೂ ಯೋಚಿಸಿದೆ. ಹೊಳೆಯಲಿಲ್ಲ.

ಹಳಿಯಾಳಕ್ಕೆ ಬಂದಾಗ ದಾಂಡೇಲಿಯ ಬಸ್ಸು ನಿಂತಿತ್ತು. ರಶ್ ಇದೆ ಎಂದು ಬಿಟ್ಟೆ. ಅದರ ಹಿಂದಿನದನ್ನೂ ಬಿಟ್ಟೆ. ಆಮೇಲೆ ಬಂದದ್ದು ಉಮಾಳ ಬಸ್ಸು. ಅದರಲ್ಲಿ ಕಾಲಿಡಲು ಜಾಗವಿರಲಿಲ್ಲ, ಹತ್ತಿ ಬಾಗಿಲಲ್ಲೇ ನಿಂತೆ. ಆಕೆ ನೌಕರಿಗೆ ಸೇರಿ ಇಷ್ಟು ದಿನವಾದರೂ ಆಕೆಯ ಬಸ್ಸಿಗೆ ನಾನು ಹತ್ತಿದ್ದು ಇದೇ ಮೊದಲು.

ಜನರ ನಡುವೆ ದಾರಿ ಮಾಡಿಕೊಂಡು ಬರುತ್ತಿದ್ದಳು. ಉಚಿತ ಟಿಕೆಟ್ಟಿಗೆ ತೋರಿಸುವ ಆಧಾರ್ ಕಾರ್ಡು ಮರೆತು ಬಂದ ಮುದುಕಿಯೊಬ್ಬಳಿಗೆ ಗದರಿಸಿದಳು, ಅದೇ ಉಸಿರಿನಲ್ಲಿ ಆಕೆಗೆ ಕೂರಲು ಜಾಗ ಬಿಡಿಸಿದಳು. ಕುಡಿದು ತೂಗಾಡುತ್ತಿದ್ದವನೊಬ್ಬ ಆಕೆ ನೋಡಿದ ಕೂಡಲೇ ನೆಟ್ಟಗೆ ನಿಂತ. ಮನೆಯಲ್ಲಿ ಎಷ್ಟು ಸಣ್ಣ ದನಿಯಲ್ಲಿ ಮಾತಾಡುತ್ತಾಳೆ, ಇಲ್ಲಿ ಇಡೀ ಬಸ್ಸಿಗೆ ಕೇಳುತ್ತಿತ್ತು. ನನ್ನ ಮುಂದೆ ಬಂದು ಒಂದು ಕ್ಷಣ ನಿಂತಳು. ನಂತರ ಎಲ್ಲರನ್ನು ಕೇಳುವ ಹಾಗೆ, ಎಲ್ಲಿಗೆ ಎಂದು ಕೇಳಿದಳು. ದಾಂಡೇಲಿ ಒಂದು ಎಂದೆ. ಮಿಷನ್ನಿನಿಂದ ಚೀಟಿ ಹರಿದು ಕೊಟ್ಟಳು.

"ಉಮಾ, ನೌಕರಿ ಬಿಡೂದು ನಿನಗ ಬೇಕೇನು?"

ಸುತ್ತಲಿನವರು ತಿರುಗಿ ನೋಡಿದರು. ಆಕೆ ಪಕ್ಕದವನಿಗೆ ಚೀಟಿ ಹರಿದು ಕೊಟ್ಟು ಹಿಂದಕ್ಕೆ ಹೋದಳು. ಕೊನೆಯ ಸೀಟಿನತನಕ ಟಿಕೆಟ್ ಕೊಟ್ಟು ಮತ್ತೆ ನುಸುಳಿಕೊಂಡು ಮುಂದೆ ಬಂದಳು. ಅಷ್ಟು ಹೊತ್ತು ನಾನು ಕಾದ ರೀತಿ, ಮಿಲ್ಲಿನಲ್ಲಿ ಕಾಗದದ ರೀಲು ಹರಿದಾಗಲೂ ಕಾದಿರಲಿಲ್ಲ.

"ಬ್ಯಾಡಪ್ಪಾ" ಎಂದಳು. "ನೌಕರಿ ಬಿಟ್ಟು ಆ ಮನಿಗೆ ಹೋಗೂದು ನನಗ ಬ್ಯಾಡ."

"ಮದ್ಲ ಯಾಕ ಹೇಳ್ಲಿಲ್ಲವಾ?"

"ನೀವು ಕೇಳಿರ್ಲಿಲ್ಲ."

ಮಿಷನ್ನು ಹಿಡಿದ ಕೈಯ ಹಿಂಬದಿಯಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಸರಿಯಿರಿ ಎಂದಳು. ನಾನು ಒಳಗೆ ಸರಿದೆ.

ಡಿಸೆಂಬರ್ 7, ರವಿವಾರ

ಬೆಳಿಗ್ಗೆ ಸ್ನಾನ ಪೂಜೆ ಮುಗಿಸಿ, ಕನ್ನಡಕ ಹಾಕಿಕೊಂಡು, ಒಂದು ಹಾಳೆಯ ಮೇಲೆ ಕಾರಣಗಳನ್ನು ಬರೆದುಕೊಂಡೆ. ಡಿಸೆಂಬರಿನ ಮಂಜು ನಂಬುವಂಥದ್ದಲ್ಲ. ಒಂದೇ ದಿನದಲ್ಲಿ ಮೂರು ಜಾಗ ಮುಟ್ಟುವುದಾಗದು. ದೃಶ್ಯಗಳ ನಡುವೆ ಹೊಂದಾಣಿಕೆ ಇಲ್ಲ. ಆಮೇಲೆ, ಇಂಥ ಅವಸರದಲ್ಲಿ ಮದುವೆಯ ವಿಷಯವನ್ನೂ ಎರಡೂ ಕಡೆಯವರು ಮತ್ತೊಮ್ಮೆ ವಿಚಾರ ಮಾಡುವುದು ಒಳ್ಳೆಯದು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರೆ ಯಾರಿಗೂ ಪೆಟ್ಟಾಗುವುದಿಲ್ಲ. ಈರಕ್ಕ ಒಳಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು. ಉಮಾ ಹೊರಗೆ ಕಟ್ಟೆಯ ಮೇಲೆ ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದವಳು ತಲೆ ಎತ್ತಿ ಕೇಳುತ್ತಿದ್ದಳು.

ಸಿದ್ದಲಿಂಗ ಮೊದಲ ರಿಂಗಿಗೇ ಎತ್ತಿದ. ನಾನು ಮಾತು ಶುರುಮಾಡುವ ಮೊದಲೇ, ಐದನೇ ಸೀನಿಗೆಂದು ಹೊಸ ಟ್ರಂಕು ತರಿಸಿದ್ದೇನೆ ಎಂದ. ಹಿತ್ತಾಳೆಯ ಮೂಲೆ ಇದೆಯಂತೆ. ಒಳಗೆ ಕೆಂಪು ಮಖಮಲ್ಲು ಹಚ್ಚಿಸಿದ್ದಾನಂತೆ. ಮುಚ್ಚಿದರೆ ತಾನಾಗಿ ಕೀಲಿ ಬೀಳುತ್ತದಂತೆ.

ಹಾಳೆ ನನ್ನ ಕೈಯಲ್ಲೇ ಇತ್ತು. ಒಂದು ಅಕ್ಷರವೂ ಕಾಣಲಿಲ್ಲ. ಶೂಟಿಂಗ್ ಇಲ್ಲಪ್ಪ, ಮದುವೆಯೂ ಇಲ್ಲ ಎಂದುಬಿಟ್ಟೆ.

ಕಾರಣ ಏನು ಎಂದು ಕೇಳಿದ.

"ನನ್ನ ಮಗಳು ಬ್ಯಾಡಂದ್ಲು."

"ಅಷ್ಟಕ್ಕನ?"

"ಹೂಂನಪ್ಪ" ಎಂದೆ. "ಅಷ್ಟಕ್ಕ."